ಸಹಾಯ ಬೇಕು: ಮಡೈರಾ ದ್ವೀಪದಲ್ಲಿ ತಿಂಗಳ ಖರ್ಚು ಹೇಗೆ ನಿಭಾಯಿಸ್ತೀರಿ?

ಎಲ್ಲರಿಗೂ ನಮಸ್ಕಾರ. ಪೋರ್ಚುಗಲ್‌ನ ಮಡೈರಾದಲ್ಲಿರೋ ಅಥವಾ ಇದ್ದು ಬಂದ ಕನ್ನಡಿಗರು ಯಾರಾದ್ರೂ ಇದ್ದರೆ ದಯವಿಟ್ಟು ಉತ್ತರಿಸಿ.

ನಾನು, ನನ್ನ ಹೆಂಡತಿ ನವೆಂಬರ್‌ನಿಂದ ಇಲ್ಲಿನ ರಾಜಧಾನಿ ಫುಂಶಾಲ್‌ನಲ್ಲಿದ್ದೀವಿ. ಇಬ್ಬರಿಗೂ ಮನೆಯಿಂದಲೇ ಕೆಲಸ. ಹೊರದೇಶದ ಕೆಲಸವನ್ನ ಇಲ್ಲಿದ್ದುಕೊಂಡೇ ಆನ್‌ಲೈನಲ್ಲಿ ಮಾಡೋರಿಗೆ ಕೊಡೋ ಡಿಜಿಟಲ್ ನೊಮ್ಯಾಡ್ ವೀಸಾಕ್ಕೆ ಪೋರ್ಚುಗಲ್‌ನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕಿತ್ತು. 2025ರ ಲೆಕ್ಕಕ್ಕೆ ತಿಂಗಳಿಗೆ 3,480 ಯೂರೋ. ಅಷ್ಟಿದ್ರೆ ಆರಾಮ ಅಂದ್ಕೊಂಡಿದ್ವಿ.

ತರಕಾರಿ ಖರ್ಚು ತೊಂದರೆಯಿಲ್ಲ. ಸೀಮೆಬದನೆಕಾಯಿ ಇಲ್ಲಿ ಧಾರಾಳವಾಗಿ ಬೆಳೀತಾರೆ, ಪಿಂಪಿನೆಲ ಅಂತಾರೆ. ಅದರ ಸಾಂಬಾರು ಮಾಡಿದ ದಿನ ಊರೇ ನೆನಪಾಯ್ತು. ಬಾಳೆಹಣ್ಣೂ ಇಲ್ಲಿನದ್ದೇ. ನಮಗೆ ಕಷ್ಟ ಆಗ್ತಿರೋದು ಮನೆ. ಒಂದು ಬೆಡ್‌ರೂಮಿಗೆ 1,200 ಯೂರೋ ಕೊಡ್ತಿದ್ದೀವಿ, ಅದೂ ಮೇ ತನಕ ಮಾತ್ರ. ಆಮೇಲೆ ಪ್ರವಾಸಿಗರಿಗೆ ಕೊಡ್ತಾರಂತೆ. ವರ್ಷದ ಕರಾರು ಕೇಳಿದರೆ ಆರು ತಿಂಗಳ ಬಾಡಿಗೆ ಮುಂಗಡ, ಇಲ್ಲವೇ ಸ್ಥಳೀಯ ಜಾಮೀನುದಾರ ಬೇಕು ಅಂತಾರೆ. ನಮಗ್ಯಾರು ಜಾಮೀನು ನಿಲ್ಲಬೇಕು?

ಇದರ ಮೇಲೆ ಮನೆಯಲ್ಲಿ ತೇವ ಬೇರೆ. ಬೀರುವಿನ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು, ಹೆಂಡತಿಯ ರೇಷ್ಮೆ ಸೀರೆಯ ಅಂಚಿಗೂ ಹತ್ತಿದೆ. ತೇವ ಹೀರೋ ಯಂತ್ರ ಹಗಲೂ ರಾತ್ರಿ ಓಡಿಸ್ತಿದ್ದೀವಿ, ಕರೆಂಟ್ ಬಿಲ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ.

ನಮ್ಮಂಥ ಆನ್‌ಲೈನ್ ಕೆಲಸದವರಿಗಾಗಿ 2021ರಲ್ಲಿ ನೊಮ್ಯಾಡ್ ವಿಲೇಜ್ ಶುರುವಾದ ಪೊಂಟಾ ದೊ ಸೊಲ್ ಕಡೆ ಬಾಡಿಗೆ ಹೇಗಿದೆ? ಮಶೀಕು, ಕಾಮರಾ ದೆ ಲೋಬುಶ್ ಊರುಗಳು ಅಗ್ಗವಾ? ಕಾರಿಲ್ಲದೆ, ಬಸ್ಸಿನಲ್ಲೇ ಓಡಾಡಿ ಬದುಕಬಹುದಾ? ಜಾಮೀನಿಲ್ಲದೆ ಮನೆ ಸಿಕ್ಕವರು ಹೇಗೆ ಮಾಡಿದ್ರಿ ಅಂತ ದಯವಿಟ್ಟು ತಿಳಿಸಿ. ಏಪ್ರಿಲ್ ಒಳಗೆ ತೀರ್ಮಾನ ಮಾಡಬೇಕು.