ಮನೆಬಾಗಿಲಿನ ಮೊಬೈಲ್ ರಿಪೇರಿಗೆ ಟೂಲ್ ಬಾಕ್ಸೋ, ಬ್ಯಾಗೋ?

ಪ್ರಶ್ನೆ (ಸಾಗರದ ಸದಸ್ಯರು):

ಗುಂಪಿನ ಹಿರಿಯರಿಗೆ ನಮಸ್ಕಾರ. ಐದು ವರ್ಷ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡಿದ ನಾನು ಬರುವ ತಿಂಗಳಿನಿಂದ ಬೈಕಿನಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಗ್ರಾಹಕರ ಮನೆಯಲ್ಲೇ ಕುಳಿತು ಕೆಲಸ ಮಾಡಿಕೊಡಬೇಕೆಂದಿದ್ದೇನೆ. ಹೆಚ್ಚಾಗಿ ಡಿಸ್ಪ್ಲೇ, ಬ್ಯಾಟರಿ, ಚಾರ್ಜಿಂಗ್ ಬೋರ್ಡ್ ಬದಲಿಸುವ ಕೆಲಸ. ಬಿಸಿಗಾಳಿಯಿಂದ ಬೆಸುಗೆ ಕರಗಿಸುವ ಹಾಟ್ ಏರ್ ಮಷೀನನ್ನೂ ಒಯ್ದರೆ ಐಸಿ (ಬೋರ್ಡಿನ ಚಿಪ್) ಕೆಲಸವನ್ನೂ ಅಲ್ಲೇ ಮುಗಿಸಬಹುದೇನೋ ಎಂಬ ಆಸೆಯಿದೆ. ಸದ್ಯಕ್ಕೆ ನನ್ನಲ್ಲಿರುವುದು ಪ್ಲಂಬರ್‌ಗಳು ಹಿಡಿದು ಓಡಾಡುವಂಥ ಪ್ಲಾಸ್ಟಿಕ್ ಟೂಲ್ ಬಾಕ್ಸ್. ಅದನ್ನೇ ಮುಂದುವರಿಸಲೇ, ಬೆನ್ನಿಗೆ ಹಾಕುವ ಟೂಲ್ ಬ್ಯಾಗ್ ಕೊಳ್ಳಲೇ, ಇಲ್ಲವೇ ಒಳಗೆ ಫೋಮ್ ಇರುವ ಗಟ್ಟಿ ಕೇಸ್ ಒಳ್ಳೆಯದೇ? ಮೂರು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ನಮ್ಮ ಕಡೆಯ ಮಳೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ.

ಉತ್ತರ (ಹದಿನಾಲ್ಕು ವರ್ಷದಿಂದ ಇದೇ ವೃತ್ತಿಯಲ್ಲಿರುವ ಸದಸ್ಯರು):

ನಮಸ್ಕಾರ. ಬ್ಯಾಗಿನ ಮಾತಿಗೆ ಮೊದಲು, ಯಾವ ಕೆಲಸವನ್ನು ಗ್ರಾಹಕರ ಮನೆಯಲ್ಲಿ ಮಾಡುವುದಿಲ್ಲ ಎಂಬುದನ್ನು ನೀವು ತೀರ್ಮಾನಿಸಬೇಕು. ಅದು ತೀರ್ಮಾನವಾಗದೆ ಬ್ಯಾಗ್ ಕೊಂಡವರು ಆರು ತಿಂಗಳೊಳಗೆ ಎರಡನೆಯದನ್ನು ಹುಡುಕುತ್ತಾರೆ. ಹಾಟ್ ಏರ್ ಮಷೀನನ್ನು ಒಯ್ಯಬೇಡಿ. ಅದರ ತೂಕವೊಂದೇ ಕಾರಣವಲ್ಲ. ಐಸಿ ಕೆಲಸಕ್ಕೆ ಮೈಕ್ರೋಸ್ಕೋಪ್ ಬೇಕು, ಅಲುಗಾಡದ ಮೇಜು ಬೇಕು, ಏರಿಳಿತವಿಲ್ಲದ ಕರೆಂಟ್ ಬೇಕು, ತಲೆಯ ಮೇಲೆ ಫ್ಯಾನ್ ತಿರುಗುತ್ತಿರಬಾರದು. ಬೋರ್ಡ್ ಕೆಲಸ ಬಂದರೆ ರಸೀದಿ ಬರೆದುಕೊಟ್ಟು ಫೋನನ್ನು ಮನೆಗೆ ತಂದುಬಿಡಿ. ಹೀಗೆ ಮಾಡಿದರೆ ಒಯ್ಯಬೇಕಾದದ್ದು ಅರ್ಧಕ್ಕಿಳಿಯುತ್ತದೆ: ಸ್ಕ್ರೂ ಡ್ರೈವರ್‌ಗಳು, ಎರಡು ಚಿಮಟಿ, ಓಪನರ್‌ಗಳು, ಸಕ್ಷನ್ ಕಪ್, ಮಲ್ಟಿಮೀಟರ್, ಟೈಪ್-ಸಿ ಪವರ್ ಬ್ಯಾಂಕ್‌ನಿಂದ ನಡೆಯುವ ಚಿಕ್ಕ ಸೋಲ್ಡರಿಂಗ್ ಐರನ್, ಗಮ್, ಐಪಿಎ (ಒರೆಸಿ ಸ್ವಚ್ಛಗೊಳಿಸುವ ಆಲ್ಕೊಹಾಲ್), ಮ್ಯಾಟ್ ಮತ್ತು ಬಿಡಿಭಾಗಗಳು. ತುಂಬಿದ ಬ್ಯಾಗ್ ಆರು ಕಿಲೋ ದಾಟಬಾರದೆಂಬುದು ನಾನು ಇಟ್ಟುಕೊಂಡಿರುವ ಲೆಕ್ಕ.

ನಿಮ್ಮ ಈಗಿನ ಪೆಟ್ಟಿಗೆ ಸುತ್ತಿಗೆ, ಪಾನಾಗಳಿಗಾಗಿ ಮಾಡಿದ್ದು. ಅದರ ಆಳವಾದ ಹೊಟ್ಟೆಯಲ್ಲಿ ಎಲ್ಲವೂ ಒಂದರ ಮೇಲೊಂದು ಬೀಳುತ್ತದೆ. ಕ್ಯಾರಿಯರ್‌ಗೆ ಕಟ್ಟಿಕೊಂಡು ಹಳ್ಳಿಯ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದರೆ ಚಿಮಟಿಯ ಮೊನೆ ಬಾಗಿರುತ್ತದೆ, ಡಿಸ್ಪ್ಲೇಯ ಫ್ಲೆಕ್ಸ್ (ತೆಳು ಪಟ್ಟಿಯಂಥ ಕೇಬಲ್) ಮಡಚಿಕೊಂಡಿರುತ್ತದೆ. ತಗಡಿನ ಪೆಟ್ಟಿಗೆಯಂತೂ ಬೇಡವೇ ಬೇಡ; ನಿಮ್ಮ ಊರಿನ ತೇವಕ್ಕೆ ತುಕ್ಕು ಹಿಡಿಯುವುದು ಒಂದು ಕಡೆಯಾದರೆ, ಬಿಡಿ ಬ್ಯಾಟರಿಯ ಕನೆಕ್ಟರ್ ತಗಡಿಗೆ ತಾಗಿ ಶಾರ್ಟ್ ಆಗುವ ಅಪಾಯ ಇನ್ನೊಂದು ಕಡೆ.

ಬೈಕಿನವರಿಗೆ ಬೆನ್ನಿಗೆ ಹಾಕುವ ಬ್ಯಾಗೇ ಸರಿ, ಏಕೆಂದರೆ ರಸ್ತೆಯ ಕುಲುಕಾಟವನ್ನು ಬಹುಮಟ್ಟಿಗೆ ನಮ್ಮ ಮೈಯೇ ತಡೆದುಕೊಳ್ಳುತ್ತದೆ. ಆದರೆ ಕಾಲೇಜು ಹುಡುಗರ ಬ್ಯಾಗ್ ಬೇಡ. ಪುಸ್ತಕದಂತೆ ಪೂರ್ತಿ ಬಿಚ್ಚಿಕೊಳ್ಳುವ, ನೆಲದ ಮೇಲೆ ತಾನೇ ನಿಲ್ಲುವ, ಒಳಬಟ್ಟೆ ಬೂದು ಅಥವಾ ಕೇಸರಿ ಬಣ್ಣದ್ದಾಗಿರುವ ಟೂಲ್ ಬ್ಯಾಗ್ ನೋಡಿ. ಬಣ್ಣದ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಹಳೆಯ ಮನೆಗಳ ಮಬ್ಬು ಬೆಳಕಿನಲ್ಲಿ ಕಪ್ಪು ಬ್ಯಾಗಿನೊಳಗಿನ ಕಪ್ಪು ಚಿಮಟಿ ಕಾಣುವುದಿಲ್ಲ. ಪ್ರತಿ ಸಾಧನಕ್ಕೂ ಒಂದು ಎಲಾಸ್ಟಿಕ್ ಕುಣಿಕೆ ಇರಲಿ. ಹೊರಡುವಾಗ ಖಾಲಿ ಕುಣಿಕೆ ಕಣ್ಣಿಗೆ ಬಿದ್ದರೆ ಏನೋ ಮರೆತಿದ್ದೇವೆಂದು ತಿಳಿಯುತ್ತದೆ. ನಾನು ಒಮ್ಮೆ ಐಫೋನಿನ ಐದೆಸಳಿನ ಸ್ಕ್ರೂಗೆ ಬೇಕಾದ ಪೆಂಟಲೋಬ್ ಡ್ರೈವರ್ ಒಂದನ್ನು ತೋಟದ ಮನೆಯೊಂದರ ಜಗಲಿಯಲ್ಲಿ ಬಿಟ್ಟುಬಂದು, ಮರುದಿನ ಐಫೋನ್ ಬಿಚ್ಚಲು ಕುಳಿತಾಗ ಗಮನಿಸಿ, ಅದಕ್ಕಾಗಿಯೇ ಮೂವತ್ತು ಕಿಲೋಮೀಟರ್ ವಾಪಸ್ ಹೋಗಿದ್ದೇನೆ.

ಬಟ್ಟೆಯ ಮೇಲೆ 600ಡಿ, 1680ಡಿ ಎಂದು ಬರೆದಿರುತ್ತದೆ. ಡಿ ಎಂದರೆ ಡೆನಿಯರ್, ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. 1680 ಸಿಕ್ಕರೆ ಒಳ್ಳೆಯದು, ಆದರೆ ನನ್ನ ಅನುಭವದಲ್ಲಿ ಬಟ್ಟೆಗಿಂತ ಮೊದಲು ಕೈಕೊಡುವುದು ಜಿಪ್ಪು ಮತ್ತು ಭುಜಪಟ್ಟಿಯ ಹೊಲಿಗೆ. ಹಲ್ಲು ದಪ್ಪವಿರುವ ಜಿಪ್ಪನ್ನೇ ಆರಿಸಿ, ಅಂಗಡಿಯಲ್ಲೇ ಹತ್ತು ಸಲ ಎಳೆದು ನೋಡಿ. ತಳಕ್ಕೆ ರಬ್ಬರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಇರಲಿ, ಏಕೆಂದರೆ ಒದ್ದೆ ಅಂಗಳದಲ್ಲಿ ಅದನ್ನು ಇಡಲೇಬೇಕಾಗುತ್ತದೆ.

ವಾಟರ್‌ಪ್ರೂಫ್ ಎಂಬ ಚೀಟಿಯನ್ನು ನಂಬಿ ನಿಮ್ಮ ಆಷಾಢದ ಮಳೆಗೆ ಹೊರಡಬೇಡಿ. ಬಟ್ಟೆ ನೀರು ತಡೆದರೂ ಜಿಪ್ಪು ಮತ್ತು ಹೊಲಿಗೆಯ ತೂತುಗಳು ತಡೆಯುವುದಿಲ್ಲ. ಮೇಲೆ ರೇನ್ ಕವರ್ ಹಾಕಿದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಆದ್ದರಿಂದ ಡಿಸ್ಪ್ಲೇ ಮತ್ತು ಮೀಟರನ್ನು, ಮುಚ್ಚಳಕ್ಕೆ ರಬ್ಬರ್ ರಿಂಗ್ ಇದ್ದು ನಾಲ್ಕು ಕಡೆ ಲಾಕ್ ಆಗುವ ಅಡುಗೆಮನೆಯ ಡಬ್ಬಿಗಳಲ್ಲಿಟ್ಟು, ಆ ಡಬ್ಬಿಗಳನ್ನು ಬ್ಯಾಗಿನಲ್ಲಿಡಿ. ಒಳಗೆ ನೀಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ. ದುಬಾರಿ ಬ್ಯಾಗಿಗಿಂತ ಈ ಡಬ್ಬಿಗಳೇ ನನ್ನ ಸಾಮಾನನ್ನು ಹೆಚ್ಚು ಕಾಪಾಡಿವೆ.

ಮರುಪ್ರಶ್ನೆ (ಸಾಗರದ ಸದಸ್ಯರು):

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ, ಸರ್. ಬಿಡಿ ಬ್ಯಾಟರಿಗಳನ್ನೂ ಐಪಿಎ ಬಾಟಲಿಯನ್ನೂ ಅದೇ ಬ್ಯಾಗಿನಲ್ಲಿ ಇಡಬಹುದೇ? ಮನೆಯಲ್ಲಿ ಸ್ಕೂಟರ್ ಕೂಡ ಇದೆ, ಬೇಕಾದರೆ ಅದರ ಸೀಟಿನ ಕೆಳಗೆ ಇಡುತ್ತೇನೆ.

ಉತ್ತರ:

ಸೀಟಿನ ಕೆಳಗೆ ಖಂಡಿತ ಬೇಡ. ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಆ ಜಾಗ, ಕೆಳಗಿನ ಎಂಜಿನ್ನಿನ ಕಾವೂ ಸೇರಿ, ಲಿಥಿಯಂ ಬ್ಯಾಟರಿಗೆ ತಕ್ಕ ಜಾಗವಲ್ಲ. ಐಪಿಎ ಬೆಂಕಿಗೆ ಬೇಗ ಹೊತ್ತಿಕೊಳ್ಳುವ ದ್ರವ. ಅದರ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹತ್ತಿಕೊಳ್ಳಬಲ್ಲದು. ಐವತ್ತು ಮಿಲಿಲೀಟರಿನ ಬಾಟಲಿ ಒಂದು ದಿನಕ್ಕೆ ಸಾಕು. ಅದನ್ನು ಹೊರಜೇಬಿನಲ್ಲಿ ನೆಟ್ಟಗೆ ಇಡಿ. ಗಮ್ ಟ್ಯೂಬನ್ನು ಪ್ರತ್ಯೇಕ ಜಿಪ್ ಕವರಿನಲ್ಲಿ ಹಾಕಿ. ಐರನ್ ಪೂರ್ತಿ ತಣಿಯುವವರೆಗೆ ಬ್ಯಾಗಿಗೆ ಸೇರಬಾರದು. ಗ್ರಾಹಕರು ಕೊಟ್ಟ ಕಾಫಿಯನ್ನು ಆ ಹೊತ್ತಿಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಬ್ಯಾಟರಿಯ ವಿಷಯದಲ್ಲಿ ನನಗೆ ಪಾಠವಾಗಿದೆ. ವೃತ್ತಿಯ ಆರಂಭದಲ್ಲಿ, ಉಬ್ಬಿದ್ದ ಹಳೆಯ ಬ್ಯಾಟರಿಯೊಂದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡಿದ್ದೆ. ದಾರಿಯಲ್ಲಿ ಚಿಮಟಿಯ ಮೊನೆ ಅದಕ್ಕೆ ಚುಚ್ಚಿ ಹೊಗೆ ಎದ್ದಿತು. ಬ್ಯಾಗನ್ನು ರಸ್ತೆಬದಿಗೆ ಎಸೆದೆ, ಅದರಲ್ಲಿದ್ದ ಮೂರು ಡಿಸ್ಪ್ಲೇಗಳ ಆಸೆಯನ್ನೂ ಬಿಟ್ಟೆ. ಅಂದಿನಿಂದ ಹೊಸ ಬ್ಯಾಟರಿಗಳು ಅವುಗಳ ರಟ್ಟಿನ ಪೊಟ್ಟಣದಲ್ಲೇ, ಕನೆಕ್ಟರ್‌ಗೆ ಟೇಪ್ ಸುತ್ತಿಸಿಕೊಂಡು, ಲೋಹದ ಯಾವ ಸಾಧನವೂ ಇಲ್ಲದ ಜೇಬಿನಲ್ಲಿರುತ್ತವೆ. ಚಿಮಟಿಗಳ ಮೊನೆಗೆ ಸಿಲಿಕಾನ್ ಕೊಳವೆಯ ತುಂಡು ತೊಡಿಸಿರುತ್ತೇನೆ. ಉಬ್ಬಿದ ಬ್ಯಾಟರಿಯನ್ನು ಬ್ಯಾಗಿಗೆ ಸೇರಿಸುವುದೇ ಇಲ್ಲ. ಅದಕ್ಕೆಂದೇ ಮರಳು ತುಂಬಿದ ಚಿಕ್ಕ ಡಬ್ಬಿಯೊಂದನ್ನು ಬೈಕಿನ ಹೊರಗಿನ ಸೈಡ್ ಬಾಕ್ಸಿನಲ್ಲಿ ಇಟ್ಟಿದ್ದೇನೆ.

ಇನ್ನೊಬ್ಬ ಸದಸ್ಯರು (ಬಳ್ಳಾರಿಯಿಂದ):

ಮಲೆನಾಡಿನ ಮಟ್ಟಿಗೆ ಹಿರಿಯರು ಹೇಳಿದ್ದು ಸರಿಯಿರಬಹುದು. ನಮ್ಮ ಕಡೆ ಧೂಳೇ ಶತ್ರು. ಹೊಸ ಡಿಸ್ಪ್ಲೇ ಕೂರಿಸುವ ಮೊದಲೇ ಕ್ಯಾಮೆರಾದ ಗಾಜಿನೊಳಗೆ ಧೂಳು ಕುಳಿತಿರುತ್ತದೆ. ನಾನು ಐಪಿ67 ಎಂದು ಬರೆದಿರುವ, ಫೋಮ್ ಇರುವ ಗಟ್ಟಿ ಕೇಸನ್ನು ಕಾರಿನಲ್ಲಿ ಒಯ್ಯುತ್ತೇನೆ. ನಾಲ್ಕು ವರ್ಷದಿಂದ ತೊಂದರೆಯಿಲ್ಲ.

ಉತ್ತರ:

ಕಾರಿನವರಿಗೆ ನಾನೂ ಅದನ್ನೇ ಹೇಳುತ್ತೇನೆ. ಐಪಿ67ರಲ್ಲಿ 6 ಎಂದರೆ ಧೂಳು ಒಳಹೋಗದು, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆದೀತು. ಮುಚ್ಚಿರುವಷ್ಟು ಹೊತ್ತು ಮಾತ್ರ, ಅದು ನೆನಪಿರಲಿ. ಫೋಮಿನ ಬಗ್ಗೆ ಒಂದು ಎಚ್ಚರಿಕೆ ಇದೆ. ಸಾಮಾನ್ಯ ಪ್ಯಾಕಿಂಗ್ ಫೋಮ್ ಉಜ್ಜಿದಷ್ಟೂ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಹುಟ್ಟಿಸುತ್ತದೆ, ನಿಮ್ಮ ಒಣಹವೆಯಲ್ಲಿ ಇನ್ನೂ ಹೆಚ್ಚು. ಸುಮಾರು 3,000 ವೋಲ್ಟ್‌ಗಿಂತ ಕಡಿಮೆ ಇರುವ ಸ್ಟ್ಯಾಟಿಕ್ ಹೊಡೆತ ನಮ್ಮ ಬೆರಳಿಗೆ ಗೊತ್ತೇ ಆಗುವುದಿಲ್ಲ, ಆದರೆ ಕೆಲವು ಐಸಿಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಸಾಯುತ್ತವೆ. ಬಿಚ್ಚಿದ ಬೋರ್ಡನ್ನು ಬೆಳ್ಳಿ ಬಣ್ಣದ ಶೀಲ್ಡಿಂಗ್ ಕವರಿನಲ್ಲಿಟ್ಟೇ ಕೇಸಿಗೆ ಹಾಕಿ. ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಆ್ಯಂಟಿ-ಸ್ಟ್ಯಾಟಿಕ್ ಕವರ್ ತಾನು ಸ್ಟ್ಯಾಟಿಕ್ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನಿಂದ ಬಂದದ್ದನ್ನು ಅದು ತಡೆಯದು.

ಸಾಗರದವರಿಗೆ ಇನ್ನೊಂದು ಮಾತು. ಬ್ಯಾಗಿನಲ್ಲಿ ಮಡಚಿದ ಸಿಲಿಕಾನ್ ಮ್ಯಾಟ್ ಇಡುವ ಉದ್ದನೆಯ ಜೇಬು ಬೆನ್ನಿನ ಕಡೆಗೇ ಇರಲಿ. ಬೈಕಿನಿಂದ ಬಿದ್ದರೆ ಬೆನ್ನುಮೂಳೆಗೆ ಮೊದಲು ತಾಗುವುದು ಮೆತ್ತನೆಯ ಮ್ಯಾಟ್ ಆಗಿರಬೇಕು, ಮೀಟರ್ ಆಗಿರಬಾರದು. ಸ್ಕ್ರೂ ಇಡಲು ಕೋಣೆಗಳಿರುವ ಮ್ಯಾಗ್ನೆಟಿಕ್ ಹಾಳೆಯೂ ಅಲ್ಲೇ ಹಿಡಿಸಬೇಕು. ಕೆಲವು ಐಫೋನುಗಳಲ್ಲಿ ಅಕ್ಕಪಕ್ಕದ ಸ್ಕ್ರೂಗಳ ಉದ್ದದಲ್ಲಿ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲದಿದ್ದರೂ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಬೋರ್ಡಿನೊಳಗಿನ ವಿದ್ಯುತ್ ಹರಿಯುವ ಗೆರೆ ತುಂಡಾಗಬಹುದು.

ಬೆಂಗಳೂರಿಗೆ ಹೋಗುವುದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ನೋಡಿ; ಆದರೆ ನಿಮ್ಮ ಸಾಧನಗಳನ್ನೂ ಎರಡು ಡಬ್ಬಿಗಳನ್ನೂ ಜೊತೆಗೆ ಒಯ್ದು, ಅಂಗಡಿಯ ಕೌಂಟರಿನ ಮೇಲೇ ಬ್ಯಾಗಿಗೆ ತುಂಬಿ, ಬೆನ್ನಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ ಮೇಲೆಯೇ ದುಡ್ಡು ಕೊಡಿ. ಹಳೆಯ ಪೆಟ್ಟಿಗೆಯನ್ನು ಮಾರಬೇಡಿ, ಮನೆಯಲ್ಲಿ ಹಳೆಯ ಹೌಸಿಂಗ್‌ಗಳನ್ನು (ಫೋನಿನ ಹೊರಕವಚ) ತುಂಬಿಡಲು ಬರುತ್ತದೆ.