ಮಿಲಿಷಿಯಾ, ಕಮಿಷನ್: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ರಾಜ್ಯಗಳ ಮಿಲಿಷಿಯಾ (ಕರೆ ಬಂದಾಗ ಆಯುಧ ಹಿಡಿಯುವ ನಾಗರಿಕರ ಪಡೆ) ಕಾನೂನು ಹೇಗೆ ಬದಲಾಯಿತು ಎಂಬ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಒಂದು ವಾರದಿಂದ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಕಮಿಷನ್. ಲೇಖನದಲ್ಲಿ ಅದು ಸೇನಾಧಿಕಾರಿಗೆ ಸರ್ಕಾರ ಬರೆದುಕೊಡುವ ಅಧಿಕಾರ. ನಮ್ಮ ಕಿವಿಗೆ ಅದು ದಲ್ಲಾಳಿಯ ಪಾಲು, ಇಲ್ಲವೇ ತನಿಖಾ ಆಯೋಗ. ‘ಗವರ್ನರ್ ಕ್ಯಾಪ್ಟನ್‌ಗೆ ಕಮಿಷನ್ ಕೊಟ್ಟರು’ ಎಂದರೆ ಅರ್ಥವೇ ಕೆಡುತ್ತದೆ. ‘ನೇಮಕ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಆರಿಸುವುದು ಬೇರೆ, ಕಮಿಷನ್ ಕೊಡುವುದು ಬೇರೆ ಎಂಬುದೇ ಈ ಲೇಖನದ ತಿರುಳು. ಮಿಲಿಷಿಯಾದ ಅಧಿಕಾರಿಗಳನ್ನು ನೇಮಿಸುವ ಹಕ್ಕನ್ನು ಸಂವಿಧಾನ ರಾಜ್ಯಗಳಿಗೆ ಬಿಟ್ಟಿತ್ತು. ಎಷ್ಟೋ ಕಡೆ ಕಂಪನಿಯ, ಅಂದರೆ ಸೈನಿಕ ತುಕಡಿಯ, ಜನರೇ ತಮ್ಮ ಕ್ಯಾಪ್ಟನ್‌ನನ್ನು ಆರಿಸಿಕೊಳ್ಳುತ್ತಿದ್ದರು. 1832ರಲ್ಲಿ ಮೂಲನಿವಾಸಿಗಳ ವಿರುದ್ಧ ನಡೆದ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಇಲಿನಾಯ್‌ ರಾಜ್ಯದ ಸ್ವಯಂಸೇವಕರು, ಮುಂದೆ ಅಧ್ಯಕ್ಷರಾದ ಅಬ್ರಹಾಂ ಲಿಂಕನ್‌ರನ್ನು ಕ್ಯಾಪ್ಟನ್ ಆಗಿ ಆರಿಸಿದ್ದು ಹೀಗೆಯೇ. ಆಮೇಲಿನ ಯಾವ ಗೆಲುವೂ ತನಗೆ ಅಷ್ಟು ಸಂತೋಷ ಕೊಡಲಿಲ್ಲವೆಂದು 1859ರಲ್ಲಿ ಅವರೇ ಬರೆದುಕೊಂಡಿದ್ದಾರೆ. ಅಂತರ್ಯುದ್ಧ ಶುರುವಾದಾಗ, 1861ರ ಜುಲೈ 22ರ ಕಾನೂನು ಸ್ವಯಂಸೇವಕ ಪಡೆಗಳಲ್ಲಿ ತೆರವಾದ ಅಧಿಕಾರಿಗಳ ಸ್ಥಾನಗಳಿಗೆ ಚುನಾವಣೆ ನಡೆಸಿ, ಗೆದ್ದವರಿಗೆ ಗವರ್ನರ್ ಕಮಿಷನ್ ಕೊಡಬೇಕೆಂದಿತು. ಎರಡೇ ವಾರದಲ್ಲಿ ಆ ಚುನಾವಣೆಯನ್ನು ತೆಗೆದುಹಾಕಿದರು. ಅದೇ ಕಾನೂನಿನ ಇನ್ನೊಂದು ಅಂಶ ಮಾತ್ರ ಉಳಿಯಿತು: ಅಧಿಕಾರಿಗಳ ಯೋಗ್ಯತೆಯನ್ನು ಮಂಡಳಿಯೊಂದು ಪರೀಕ್ಷಿಸುವುದು, ಅನುತ್ತೀರ್ಣರಾದವರು ಕಮಿಷನ್ ಕಳೆದುಕೊಳ್ಳುವುದು.

ಹಾಗಾಗಿ ನನ್ನ ಮನಸ್ಸು ‘ಸನ್ನದು’ ಕಡೆಗಿದೆ. ವಕೀಲರ ಸನ್ನದು ಎಂಬ ಬಳಕೆ ಇನ್ನೂ ಜೀವಂತವಾಗಿದೆ. ಕಾನೂನು ಓದಿ ಪಾಸಾದರೆ ಸಾಲದು, ಸನ್ನದು ಕೈಗೆ ಬಂದ ಮೇಲೆಯೇ ವಕೀಲ. ಕೊಟ್ಟವರು ಅದನ್ನು ರದ್ದುಮಾಡಲೂ ಬಹುದು. ‘ಜನ ಆರಿಸಿದರು, ಗವರ್ನರ್ ಸನ್ನದು ಕೊಟ್ಟರು, ಮಂಡಳಿಯ ಪರೀಕ್ಷೆಯಲ್ಲಿ ಸೋತು ಸನ್ನದು ಹೋಯಿತು’: ಮೂರೂ ಮಾತು ತಡವರಿಸದೆ ಬರುತ್ತವೆ. ‘ಅಧಿಕಾರಪತ್ರ’ಕ್ಕೆ ಈ ಜೀವ ಇಲ್ಲ ಎನ್ನಿಸುತ್ತದೆ. ಒಪ್ಪುವಿರಾ?

ಮಿಲಿಷಿಯಾ ಇನ್ನೂ ಕಷ್ಟ. ಇಂದಿನ ಪತ್ರಿಕೆಗಳಲ್ಲಿ ಅದು ಸರ್ಕಾರದ ಹಿಡಿತಕ್ಕೆ ಸಿಗದ ಸಶಸ್ತ್ರ ಗುಂಪು. 1792ರ ಕಾನೂನಿನಲ್ಲಿ ಹಾಗಲ್ಲ. 18ರಿಂದ 45ರೊಳಗಿನ ಪ್ರತಿಯೊಬ್ಬ ದೃಢಕಾಯ ಬಿಳಿಯ ಪುರುಷ ನಾಗರಿಕನ ಹೆಸರೂ ಪಟ್ಟಿಯಲ್ಲಿರಬೇಕು. ಆರು ತಿಂಗಳೊಳಗೆ ಅವನೇ ಬಂದೂಕು, ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ), ಎರಡು ಬಿಡಿ ಚಕಮಕಿ ಕಲ್ಲು, 24 ತೋಟಾ ಹಿಡಿಸುವ ಚೀಲ ಹೊಂದಿಸಿಕೊಳ್ಳಬೇಕು. ಬಂದೂಕಿಲ್ಲದವರು ಕವಾಯತಿಗೆ ಮುಸುಕಿನ ಜೋಳದ ದಂಟು ಹೆಗಲಿಗೇರಿಸಿಕೊಂಡು ಬರುತ್ತಿದ್ದರಂತೆ. ಕಡ್ಡಾಯದ ಪಟ್ಟಿ ಆದ್ದರಿಂದ ‘ಸ್ವಯಂಸೇವಕ ಪಡೆ’ ಹೊಂದದು. ಆದರೆ 1840ರಲ್ಲಿ ಮ್ಯಾಸಚೂಸೆಟ್ಸ್ ಸ್ವಯಂಸೇವಕರ ಮಿಲಿಷಿಯಾಕ್ಕೆ ಹೊರಳಿಕೊಂಡಿತು. 1903ರಲ್ಲಿ ಹಳೆಯ ಕಾನೂನೇ ಹೋಯಿತು. ಎರಡಕ್ಕೂ ಒಂದೇ ಹೆಸರು.

ನಮ್ಮಲ್ಲೇ ಒಂದು ಪದವಿತ್ತು ಎಂಬುದು ನನ್ನನ್ನು ತುಂಬ ಕಾಡುತ್ತಿದೆ: ಕಂದಾಚಾರ. ಹಳೆಯ ಮೈಸೂರಿನಲ್ಲಿ ತಮ್ಮ ತಮ್ಮ ಊರಲ್ಲಿದ್ದುಕೊಂಡು, ಕರೆ ಬಂದಾಗ ಆಯುಧ ಹಿಡಿಯುತ್ತಿದ್ದ ಕಾಲಾಳುಗಳ ಏರ್ಪಾಡಿಗೆ ಈ ಹೆಸರು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲೂ ಕಂದಾಚಾರದ ಆಳುಗಳಿದ್ದರು. ಈಗ ಆ ಪದ ಕೇಳಿದರೆ ಮೂಢ ಆಚರಣೆಯೇ ನೆನಪಾಗುವುದು. ಅಮೆರಿಕದ ಚರಿತ್ರೆಯಲ್ಲಿ ಅದನ್ನು ಬಳಸಿದರೆ ಪ್ರತಿ ಸಾಲಿಗೂ ವಿವರಣೆ ಕೊಡಬೇಕಾದೀತು.

ಸದ್ಯಕ್ಕೆ ‘ನಾಡಪಡೆ’ ಎಂದು ಬರೆದಿಟ್ಟಿದ್ದೇನೆ. ನಾಡಕಚೇರಿಯ ‘ನಾಡ’ದಲ್ಲಿ ಸರ್ಕಾರದ ಅಧಿಕೃತತೆ ಇದೆ, ನಾಡಬಂದೂಕಿನ ‘ನಾಡ’ದಲ್ಲಿ ಊರಿನವರ ಕೈಕೆಲಸದ ಒರಟುತನವಿದೆ. ಜೋಳದ ದಂಟು ಹಿಡಿದು ನಿಂತವನಿಗೆ ಎರಡೂ ಬೇಕು. ಇದಕ್ಕಿಂತ ಹೊಂದುವ ಪದ ತಿಳಿದಿದ್ದರೆ ಹೇಳಿ. ಹಾಗೆಯೇ ನಿಮ್ಮ ಮನೆಯ ಹಳೆಯ ಕಾಗದಪತ್ರಗಳಲ್ಲೋ ಹಿರಿಯರ ಬಾಯಲ್ಲೋ ‘ಕಂದಾಚಾರ’ ಪಡೆಯ ಅರ್ಥದಲ್ಲಿ ಕಂಡಿದ್ದರೆ, ಯಾವ ಸೀಮೆಯದು, ಯಾವ ವಾಕ್ಯದಲ್ಲಿ ಎಂಬುದನ್ನು ದಯವಿಟ್ಟು ಬರೆಯಿರಿ.