ಪದಚರ್ಚೆ: ಕ್ಯಾನ್ವಾಸ್, ಪ್ರೈಮರ್, ಮಾಸ್ಕಿಂಗ್ ಟೇಪ್ – ಸಂಜೆ 5ರೊಳಗೆ ಬೇಕು

ಬೆಂಗಳೂರಿನಿಂದ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಎರಡು ಗಂಟೆಯ ಕ್ಲಾಸ್ ಇದೆ. ಚಿತ್ರ ಬರೆಯಲು ಬಾರದವರೂ ಮನೆಯ ಗೋಡೆಗೆ ತಾವೇ ಒಂದು ಕ್ಯಾನ್ವಾಸ್ ಮಾಡಿಕೊಂಡು ಹೋಗುವುದು, ಅಷ್ಟೇ. ಬರುವವರಲ್ಲಿ ಅಜ್ಜಿಯರು ಜಾಸ್ತಿ. ಇಂಗ್ಲಿಷಿನಲ್ಲಿರುವ ಒಂದು ಪುಟದ ಸೂಚನೆಯನ್ನು ಕನ್ನಡಕ್ಕೆ ತರಬೇಕು. ಸಂಜೆ 5ಕ್ಕೆ ಪ್ರಿಂಟಿಗೆ ಕೊಡಬೇಕು.

ಫೋನಿನ ಅನುವಾದಕ್ಕೆ ಹಾಕಿ ನೋಡಿದೆ. 'ಕಾಟನ್ ಡಕ್ ಕ್ಯಾನ್ವಾಸ್' ಎಂಬ ದಪ್ಪ ಹತ್ತಿ ಬಟ್ಟೆ 'ಹತ್ತಿ ಬಾತುಕೋಳಿ' ಆಯಿತು. ಬಣ್ಣಕ್ಕೆ ಮುಂಚೆ ಬಳಿಯುವ 'ಪ್ರೈಮರ್' ಮೊದಲ ಪಾಠದ ಪುಸ್ತಕ ಆಯಿತು. ಬಟ್ಟೆ ಬಿಗಿಯುವ ಮರದ 'ಸ್ಟ್ರೆಚರ್' ಅನ್ನು ಹಾಗೇ ಬಿಟ್ಟರೆ ಅಜ್ಜಿಯರಿಗೆ ಆಸ್ಪತ್ರೆ ನೆನಪಾಗುತ್ತದೆ.

ಕೆಲಸ ಹೀಗೆ. ಮರದ ಚೌಕಟ್ಟಿಗೆ ಬಿಗಿದ 12 ಇಂಚು 16 ಇಂಚಿನ ಬಟ್ಟೆ. ಅದಕ್ಕೆ ಎರಡು ಸಲ ಬಿಳಿ ಜೆಸ್ಸೋ, ಅಂದರೆ ಪ್ರೈಮರ್. ಒಣಗಿದ ಮೇಲೆ ಎಮರಿ ಪೇಪರಿನಲ್ಲಿ ಹಗುರವಾಗಿ ಉಜ್ಜಬೇಕು. ಕಾಗದದ ಟೇಪ್ ಅಂಟಿಸಿ ತ್ರಿಕೋನ ಮಾಡಿಕೊಳ್ಳಬೇಕು. ಟೇಪಿನ ಅಂಚಿನ ಮೇಲೆ ತೆಳುವಾಗಿ ಮತ್ತೊಮ್ಮೆ ಬಿಳಿ ಹಚ್ಚಬೇಕು, ಇಲ್ಲದಿದ್ದರೆ ಬಣ್ಣ ಕೆಳಗೆ ನುಸುಳುತ್ತದೆ. ಆಮೇಲೆ ಅಕ್ರಿಲಿಕ್ ಬಣ್ಣ. ಪೂರ್ತಿ ಒಣಗುವ ಮುಂಚೆಯೇ ಟೇಪ್ ಕಿತ್ತರೆ ಗೆರೆ ಚೊಕ್ಕವಾಗಿ ಬರುತ್ತದೆ.

ಬೇಕಾದ ಪದಗಳು: ಕ್ಯಾನ್ವಾಸ್, ಪ್ರೈಮರ್ ಅಥವಾ ಜೆಸ್ಸೋ, ಕೋಟ್ (ಒಂದು ಸಲ ಬಳಿಯುವುದು), ಸ್ಟ್ರೆಚರ್, ಮಾಸ್ಕಿಂಗ್ ಟೇಪ್ (ಆ ಕಾಗದದ ಟೇಪ್).

ಮೈಸೂರಿನಿಂದ, 10:05

ಮೊದಲು ಜೆಸ್ಸೋ. ಇಟಲಿಯ ಮಾತು, ಜಿಪ್ಸಂ ಎಂದೇ ಅರ್ಥ. ನಮ್ಮಲ್ಲೂ ಇಂಥ ಹಳೆಯದೊಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ನೋಡಿ, 12ನೇ ಶತಮಾನ. ಎಮ್ಮೆಯ ಚರ್ಮವನ್ನು ಬೆಣ್ಣೆಯಷ್ಟು ಮೆದುವಾಗುವ ತನಕ ಬೇಯಿಸಿ 'ವಜ್ರಲೇಪ' ಎಂಬ ಅಂಟು ಮಾಡುವ ಕ್ರಮ ಅಲ್ಲಿದೆ. ಅದನ್ನು ಬಿಳಿ ಮಣ್ಣಿನೊಂದಿಗೆ ಕಲಸಿ ಗೋಡೆಗೆ ಬಳಿಯುತ್ತಿದ್ದರು. ಯುರೋಪಿನವರು ಮೊಲದ ಚರ್ಮದ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿದ್ದೂ ಇದೇ ಕೆಲಸ. ಆದ್ದರಿಂದ 'ವಜ್ರಲೇಪ' ಎಂದೇ ಹಾಕಿ. ಸಾಲ ತರಬೇಕಾಗಿಲ್ಲ.

ಧಾರವಾಡದಿಂದ, 10:20

ವಜ್ರಲೇಪ ಅಂದರೆ ಅಂಟು. ಬಳಿಯುವ ಬಿಳಿ ಅಲ್ಲ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿರಿ.

ಕೇಳಿದವರಿಗೆ ನನ್ನ ಸಲಹೆ 'ಅಸ್ತರ'. ಕೋಟು, ಜಾಕೀಟಿನ ಒಳಗೆ ದರ್ಜಿ ಹಾಕುವ ಅಸ್ತರವೇ. ಮೇಲೆ ಕಾಣುವುದಕ್ಕೆ ಕೆಳಗಿನಿಂದ ಆಧಾರ ಕೊಡುವುದು. ಹಿಂದಿ, ಮರಾಠಿಯಲ್ಲಿ ಬಣ್ಣದ ಕೆಳಪದರಕ್ಕೂ ಇದೇ ಮಾತು ನಡೆಯುತ್ತದೆ. ನಮ್ಮ ಕಡೆ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂಜೆರ್ಸಿಯಿಂದ, 10:31

ಅಸ್ತರ ಪಾರ್ಸಿ. ವಜ್ರಲೇಪ ಸಂಸ್ಕೃತ. ಕನ್ನಡದಲ್ಲಿ ಬೇರೇ ಇಲ್ಲವೇನು? ಪ್ರೈಮರ್ = ಮುಂಬಳಿ. ಕ್ಯಾನ್ವಾಸ್ = ಬರೆಬಟ್ಟೆ. ಮಾಸ್ಕಿಂಗ್ ಟೇಪ್ = ಮರೆಪಟ್ಟಿ. ಮುಗಿಯಿತು.

ಧಾರವಾಡದಿಂದ, 10:34

ಮುಂಬಳಿ ಯಾರು, ಕಂಬಳಿಯ ತಮ್ಮನೇ?

ಬೆಂಗಳೂರಿನಿಂದ, 10:50

ಮರೆಪಟ್ಟಿ ಹಿಡಿಸಿತು, ಧನ್ಯವಾದ. ಆದರೆ ಬರೆಬಟ್ಟೆ ಬೇಡ ಸರ್. 'ಬಟ್ಟೆಬರೆ'ಯನ್ನು ತಿರುಗಿಸಿ ಹಾಕಿದ ಹಾಗಿದೆ. ಒಗೆಯಲು ತಂದುಬಿಟ್ಟಾರು.

ಮಂಗಳೂರಿನಿಂದ, 11:15

ಯಾರೂ 'ಕಿತ್ತಾನ್' ಅನ್ನಲಿಲ್ಲವಲ್ಲ! ಗುಡಾರಕ್ಕೆ, ಹಡಗಿನ ಹಾಯಿಗೆ ಬಳಸುವ ದಪ್ಪ ಬಟ್ಟೆ. ಇಂಗ್ಲಿಷ್-ಕನ್ನಡ ನಿಘಂಟಿನಲ್ಲೂ ಕ್ಯಾನ್ವಾಸಿನ ಎದುರು ಇದೆ. ತಮಿಳಿನಲ್ಲೂ ಉಂಟು. ಅರಬ್ಬಿಯ 'ಕತ್ತಾನ್' ಇದರ ನೆಂಟ ಅಂತ ನನಗೆ ಬಹಳ ದಿನದ ಗುಮಾನಿ. ಇಂಗ್ಲಿಷಿನ ಕಾಟನ್ ಕೂಡ ಅಲ್ಲಿಂದಲೇ ಬಂದದ್ದು. ಅಂದರೆ ಅರಬ್ಬಿ ಸಮುದ್ರದ ಒಂದೇ ಹಡಗಿನಲ್ಲಿ...

ಮೈಸೂರಿನಿಂದ, 11:22

ತಪ್ಪು. ಕಾಟನ್ ಬಂದದ್ದು ಅರಬ್ಬಿಯ 'ಕುತ್ನ್'ನಿಂದ, ಅದು ಹತ್ತಿ. 'ಕತ್ತಾನ್' ಅಗಸೆ ನಾರು. ಎರಡು ಬೇರೆ ಮಾತು, ಎರಡು ಬೇರೆ ಗಿಡ. ಇನ್ನು ಗುಮಾನಿಗೆ ಪುರಾವೆ ಇದ್ದರೆ ಹಾಕಿ, ಹಡಗು ಬೇಡ.

ಕ್ಯಾನ್ವಾಸಿನ ಮೂಲ ಬೇಕಾದರೆ ಲ್ಯಾಟಿನ್ನಿನ 'ಕನ್ನಾಬಿಸ್'. ಅದೇ ಗಾಂಜಾ ಜಾತಿಯ ನಾರು. ಆ ಲೆಕ್ಕದಲ್ಲಿ 'ಸೆಣಬಿನ ಬಟ್ಟೆ' ಸರಿಯಾದ ಅನುವಾದ.

ಸಾಗರದಿಂದ, 11:48

ನಾನು ಪಂಡಿತಳಲ್ಲ, ಚಿತ್ತಾರ ಬರೆಯುವವಳು. ದಯವಿಟ್ಟು ಸೆಣಬಿನ ಬಟ್ಟೆ ಎಂದು ಹಾಕಬೇಡಿ. ಅಂಗಡಿಯಲ್ಲಿ ಗೋಣಿತಾಟು ಕೊಟ್ಟು ಕಳಿಸುತ್ತಾರೆ. ಅದರ ಕಣ್ಣು ದೊಡ್ಡದು, ಬಣ್ಣವೆಲ್ಲ ಹಿಂದೆ ಸೋರಿ ಹೋಗುತ್ತದೆ. ಈಗ ಸ್ಟೇಷನರಿಯಲ್ಲಿ ಸಿಗುವ ಅಗ್ಗದ ರೆಡಿ ಕ್ಯಾನ್ವಾಸ್ ಹೆಚ್ಚಿನದು ಹತ್ತಿಯದು. ಬೇರು ಗಾಂಜಾ ಆದರೇನು, ಬಟ್ಟೆ ಹತ್ತಿ ತಾನೇ?

ಪ್ರೈಮರ್ ವಿಷಯಕ್ಕೆ ಒಂದು ಮಾತು. ನಮ್ಮ ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಿ, ಆಮೇಲೆ ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯುತ್ತಾರೆ. ಆ ಕೆಮ್ಮಣ್ಣೇ ನಮ್ಮ ಪ್ರೈಮರ್. ನಾವು ಅದಕ್ಕೆ ಹೆಸರು ಇಡಲಿಲ್ಲ, 'ಸಾರಿಸು' ಎಂಬ ಕೆಲಸ ಮಾತ್ರ ಹೇಳುತ್ತೇವೆ. ಹೆಸರು ಬೇಕೇ ಬೇಕಾದರೆ 'ಸಾರಣೆ' ಇದೆ.

ನ್ಯೂಜೆರ್ಸಿಯಿಂದ, 11:55

ನೋಡಿ! ಸಾರಣೆ. ನೂರಕ್ಕೆ ನೂರು ಕನ್ನಡ. ಮುಂಬಳಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಧಾರವಾಡದಿಂದ, 12:10

ಸಾರಣೆ ಅಂದಕೂಡಲೇ ಸಗಣಿ ನೆನಪಾಗುತ್ತದಲ್ಲ? ಡ್ರಾಯಿಂಗ್ ರೂಮಿನ ಚಿತ್ರಕ್ಕೆ ಸಗಣಿಯ ಮಾತು ಯಾರು ಒಪ್ಪುತ್ತಾರೆ?

ಸಾಗರದಿಂದ, 12:14

ಒಪ್ಪದವರು ನಮ್ಮ ಚಿತ್ತಾರವನ್ನು ಅದೇ ಡ್ರಾಯಿಂಗ್ ರೂಮಿಗೆ ದುಡ್ಡು ಕೊಟ್ಟು ತರಬಾರದು ಹಾಗಾದರೆ.

ಮೈಸೂರಿನಿಂದ, 12:40

ಇನ್ನೊಂದು ಗೊಂದಲ ತಪ್ಪಿಸಬೇಕು. ಮೈಸೂರು ಶೈಲಿಯ ಚಿತ್ರದಲ್ಲೂ 'ಜೆಸ್ಸೋ ಕೆಲಸ' ಎನ್ನುತ್ತಾರೆ. ಅದು ತಳಕ್ಕೆ ಬಳಿಯುವುದಲ್ಲ. ಬಿಳಿ ಪುಡಿ, ಅಂಟು ಕಲಸಿದ ಹದದಿಂದ ಒಡವೆ, ಕಿರೀಟಗಳನ್ನು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸುವುದು. ಒಂದೇ ಮಾತು, ಎರಡು ಕೆಲಸ. ಚೀಟಿಯಲ್ಲಿ ಬರೀ ಜೆಸ್ಸೋ ಎಂದರೆ ನಮ್ಮೂರಿನವರು ಉಬ್ಬು ಕೆಲಸ ಅಂದುಕೊಳ್ಳುತ್ತಾರೆ.

ಕ್ಯಾನ್ವಾಸಿಗೆ ಈಗ ನನ್ನ ಸಲಹೆ 'ಪಟ'. ಪಟ ಎಂದರೆ ಮೊದಲು ಬಟ್ಟೆಯೇ. ದೇವರ ಪಟ, ಗಾಳಿಪಟ, ಹಾಯಿಪಟ, ಭೂಪಟ ಎಲ್ಲ ಅದರ ಮಕ್ಕಳು. ಡಚ್ಚರ 'ಡೂಕ್' ಹೀಗೆಯೇ. ಬಟ್ಟೆಗೂ ಅದೇ, ಚಿತ್ರದ ಕ್ಯಾನ್ವಾಸಿಗೂ ಅದೇ. ಕೇಳಿದವರ ಬಾತುಕೋಳಿ ಹುಟ್ಟಿದ್ದೂ ಅಲ್ಲೇ, ಆ 'ಡಕ್' ಈ 'ಡೂಕ್'. ಇಟಲಿಯ 'ತೇಲಾ' ಕೂಡ ಬಟ್ಟೆ ಮತ್ತು ಕ್ಯಾನ್ವಾಸ್ ಎರಡೂ.

ನ್ಯೂಜೆರ್ಸಿಯಿಂದ, 12:47

ಪಟ ಸಂಸ್ಕೃತ.

ಮೈಸೂರಿನಿಂದ, 12:49

ನಿಮ್ಮ ಮರೆಪಟ್ಟಿಯ ಪಟ್ಟಿ ಎಲ್ಲಿಯದು ಸ್ವಾಮಿ?

ಧಾರವಾಡದಿಂದ, 1:05

ಹತ್ತಿತಲ್ಲ ಶುರು! ಸಂಸ್ಕೃತದಿಂದ ಬಂದರೆ ಆಸ್ತಿ, ಪಾರ್ಸಿಯಿಂದ ಬಂದರೆ ಸಾಲ, ಇಂಗ್ಲಿಷಿನಿಂದ ಬಂದರೆ ಕಳವು. ಈ ಲೆಕ್ಕ ಬರೆದವರು ಯಾರು? ಕುರ್ಚಿ, ಮೇಜು, ಕಿಟಕಿ ಬಿಟ್ಟು ಒಂದು ದಿನ ಮನೆಯಲ್ಲಿ ಬದುಕಿ ತೋರಿಸಿರಿ. ಗೋಡೆ ಮಾತ್ರ ಉಳಿಯುತ್ತದೆ, ಚಿತ್ರ ತೂಗುಹಾಕಲು ಅಷ್ಟು ಸಾಕು ಬಿಡಿ.

ನ್ಯೂಜೆರ್ಸಿಯಿಂದ, 1:12

ಬಂದದ್ದನ್ನು ಓಡಿಸಿ ಎಂದು ನಾನು ಹೇಳಲಿಲ್ಲ. ಇನ್ನು ಮುಂದೆ ಬರುವುದಕ್ಕಾದರೂ ಬಾಗಿಲಲ್ಲಿ ಒಬ್ಬರು ನಿಂತಿರಲಿ ಎಂದೆ. ಇಲ್ಲಿ ನನ್ನ ಮಗಳಿಗೆ ಕನ್ನಡ ಕಲಿಸುವಾಗ ಗೊತ್ತಾಗುತ್ತದೆ. ಮರೆಪಟ್ಟಿ ಅಂದರೆ ತಾನೇ ಅರ್ಥ ಮಾಡಿಕೊಳ್ಳುತ್ತಾಳೆ. ವಜ್ರಲೇಪ ಅಂದರೆ ನನ್ನ ಮುಖ ನೋಡುತ್ತಾಳೆ.

ಬೆಂಗಳೂರಿನಿಂದ, 3:30

ಮಧ್ಯಾಹ್ನ ಕೆಳಗೆ ಹೋಗಿದ್ದೆ. ಪಾರ್ಕಿಂಗಿನಲ್ಲಿ ಇಬ್ಬರು ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. "ಇದಕ್ಕೆ ಏನಂತೀರಾ?" ಎಂದು ಕೇಳಿದೆ. "ಪ್ರೈಮರ್ ಮೇಡಂ, ಒಂದು ಕೈ ಆಗಿದೆ, ಇನ್ನೊಂದು ಕೈ ಹೊಡೀಬೇಕು" ಅಂದರು. ಕೋಟ್‌ಗೆ ಇಷ್ಟು ಹೊತ್ತು 'ಪದರ', 'ಲೇಪನ' ಅಂತ ಹುಡುಕುತ್ತಿದ್ದೆ. ಎರಡು ಕೈ ಸುಣ್ಣ ಎಂದು ನಮ್ಮಮ್ಮನೇ ಹೇಳುತ್ತಿದ್ದರು, ಹೊಳೆಯಲೇ ಇಲ್ಲ.

ಕೊನೆಗೆ ಹೀಗೆ ಮಾಡಿದೆ. ಕ್ಯಾನ್ವಾಸ್ ಕ್ಯಾನ್ವಾಸೇ, ಅಂಗಡಿಯಲ್ಲಿ ಕೇಳಿ ತರಬೇಕಲ್ಲ. ಚಿತ್ರ ಮುಗಿದ ಮೇಲೆ ಮಾತ್ರ 'ನಿಮ್ಮ ಪಟ' ಅಂತ ಬರೆದಿದ್ದೇನೆ, ಅದು ಮೈಸೂರಿನವರಿಗೆ. ಸ್ಟ್ರೆಚರ್ ಚೌಕಟ್ಟು ಆಯಿತು. ಟೇಪ್ ಮರೆಪಟ್ಟಿ, ಪಕ್ಕದಲ್ಲಿ ಟೇಪಿನ ಚಿತ್ರ. ಪ್ರೈಮರಿಗೆ ಸಾರಣೆಯೋ ಅಸ್ತರವೋ ಎಂದು ಬಹಳ ಹೊತ್ತು ಕೂತೆ. ಸಾರಣೆ ನನಗೆ ಜಾಸ್ತಿ ಇಷ್ಟ. ಆದರೆ ನಮ್ಮ ಅಜ್ಜಿಯರಲ್ಲಿ ಮೂವರು ಹುಬ್ಬಳ್ಳಿಯವರು, ಅವರಿಗೆ ಫೋನ್ ಮಾಡಿ ಕೇಳಿದೆ. ಮೂವರೂ ಅಸ್ತರ ಅಂದರು. "ಎರಡು ಕೈ ಬಿಳಿ ಅಸ್ತರ ಹಚ್ಚಿ" ಎಂದು ಹಾಕಿ ಕಳಿಸಿದ್ದೇನೆ.

ಸಾಗರದಿಂದ, 3:52

ಆಗಲಿ. ಮೊದಲ ಕೈ ಚೆನ್ನಾಗಿ ಒಣಗಿದ ಮೇಲೆಯೇ ಎರಡನೆಯದು ಅಂತ ಸೇರಿಸಿ. ಮೊದಲನೆಯದನ್ನು ಅಡ್ಡ ಎಳೆದರೆ ಎರಡನೆಯದನ್ನು ಉದ್ದ ಎಳೆಯಲಿ. ಬಟ್ಟೆಯ ಕಣ್ಣು ಮುಚ್ಚುತ್ತದೆ.

ಬೆಂಗಳೂರಿನಿಂದ, 5:25

ಸೇರಿಸಿದೆ ಮೇಡಂ. ಪ್ರೂಫ್ ಈಗ ಬಂತು. "ಎರಡು ಕೈ ಬಿಳಿ ಅಸ್ತ್ರ ಹಚ್ಚಿ" ಎಂದು ಕೂಡಿಸಿದ್ದಾರೆ. ಓಡುತ್ತಿದ್ದೇನೆ.

ನ್ಯೂಜೆರ್ಸಿಯಿಂದ, 5:31

ಸಾರಣೆ ಹಾಕಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.